‘ಬ್ಯಾಟಲ್ ಆಫ್ ಎವರ್‌ಮೋರ್’: ಇದು ಟೋಲ್ಕಿನ್ ಹಾಡೋ, ಜನಪದ ಹಾಡೋ?

ಹಳೇಪುಟ:
ಬ್ರಿಟನ್ನಿನ ರಾಕ್ ತಂಡ ಲೆಡ್ ಝೆಪ್ಪೆಲಿನ್‌ನ ನಾಲ್ಕನೇ ಆಲ್ಬಮ್ ಹಾಕಿದರೆ ಎಲ್ಲರ ಕಿವಿಯೂ ‘ಸ್ಟೇರ್‌ವೇ ಟು ಹೆವನ್’ಗಾಗಿ ಕಾಯುತ್ತಿರುತ್ತದೆ. ಅದಕ್ಕಿಂತ ಒಂದು ಹಾಡು ಮುಂಚೆ ಬರುವ ‘ದಿ ಬ್ಯಾಟಲ್ ಆಫ್ ಎವರ್‌ಮೋರ್’ ಬಗ್ಗೆ ಇಲ್ಲಿ ಯಾರೂ ತುಟಿ ಬಿಚ್ಚಿದ್ದನ್ನು ನಾನು ಕಂಡಿಲ್ಲ. ಅದಕ್ಕೇ ಈ ಚರ್ಚೆ.

ಹೊಸಬರಿಗಾಗಿ ಎರಡು ಮಾತು. ಆಲ್ಬಮ್ ಬಂದದ್ದು 1971ರ ನವೆಂಬರ್ 8ರಂದು. ಹೊದಿಕೆಯ ಮೇಲೆ ತಂಡದ ಹೆಸರಿಲ್ಲ, ಆಲ್ಬಮ್‌ಗೆ ಹೆಸರೇ ಇಲ್ಲ. ಸುಮಾರು ಆರು ನಿಮಿಷದ ಈ ಹಾಡಿನಲ್ಲಿ ಡ್ರಮ್ ಇಲ್ಲ, ಬೇಸ್ ಗಿಟಾರ್ ಇಲ್ಲ. ಮ್ಯಾಂಡೊಲಿನ್, ಅಕೂಸ್ಟಿಕ್ ಗಿಟಾರ್, ಎರಡು ಕಂಠ, ಅಷ್ಟೇ. ಸಾಹಿತ್ಯದಲ್ಲಿ ಕೋಟೆಯ ಗೋಡೆ ನಡುಗಿಸುವ ನಗಾರಿಗಳ ಮಾತು ಬರುತ್ತದೆ. ಆದರೆ ಜಾನ್ ಬೊನಾಮ್‌ನಂಥ ಡ್ರಮ್ ವಾದಕರನ್ನು ಇಟ್ಟುಕೊಂಡಿದ್ದ ತಂಡ ಆ ಸಾಲಿನಲ್ಲೂ ಒಂದು ಏಟನ್ನೂ ಕೇಳಿಸುವುದಿಲ್ಲ. ಯುದ್ಧದ ಹಾಡಿನಲ್ಲಿ ಬೊನಾಮ್‌ಗೆ ರಜೆ!

ನನ್ನ ಪ್ರಶ್ನೆ ಇಷ್ಟು. ಕಪ್ಪು ಉಡುಪಿನ ಉಂಗುರದ ಪ್ರೇತಗಳು, ಅಂದರೆ ರಿಂಗ್‌ರೇತ್‌ಗಳು, ಇದರಲ್ಲಿ ಹೆಸರು ಹಿಡಿದೇ ಬರುತ್ತವೆ. ಕತ್ತಲಿನ ಒಡೆಯನೂ ಬರುತ್ತಾನೆ. ಆದ್ದರಿಂದ ಇದನ್ನು ಟೋಲ್ಕಿನ್ ಬರೆದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಯ ಹಾಡು ಎಂದು ಎಲ್ಲರೂ ಷರಾ ಬರೆದುಬಿಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕಾದಂಬರಿಯಿಂದ ಬಂದದ್ದು ಹೆಸರುಗಳು ಮಾತ್ರ, ಹಾಡಿನ ಕಟ್ಟು ಬಂದದ್ದು ಬ್ರಿಟನ್ನಿನ ಹಳೆಯ ಕಥನಗೀತೆಗಳಿಂದ ಎನ್ನುವುದು ನನ್ನ ವಾದ. ನೀವೇನನ್ನುತ್ತೀರಿ?

ನಡುಗಡ್ಡೆ:
ಒಪ್ಪುವುದಿಲ್ಲ. ಮೂರನೇ ಸಂಪುಟದ ಪೆಲೆನ್ನೋರ್ ಬಯಲಿನ ಕದನವನ್ನು ಓದಿ ಹಾಡನ್ನು ಕೇಳಿ. ಮುತ್ತಿಗೆ ಬಿದ್ದ ನಗರ, ಮೇಲೆ ಕವಿದ ಕೃತಕ ಕತ್ತಲು, ಹೆಬ್ಬಾಗಿಲು ಮುರಿದು ಒಳಬಂದ ಪ್ರೇತರಾಜ. ಅದೇ ಗಳಿಗೆಗೆ ನಗರದೊಳಗೆ ಎಲ್ಲೋ ಒಂದು ಕೋಳಿ ಕೂಗುತ್ತದೆ. ಅದಕ್ಕೆ ಯುದ್ಧದ ಗೊಡವೆಯೇ ಇಲ್ಲ, ಬೆಳಗಾಯಿತು ಎಂದು ಕೂಗುತ್ತದೆ. ಅದರ ಬೆನ್ನಿಗೇ ದೂರದಿಂದ, ನೆರವಿಗೆ ಬಂದ ರೋಹನ್ ನಾಡಿನ ಸವಾರರ ಕಹಳೆಗಳು. ಹಾಡಿನಲ್ಲೂ ಜನ ಪೂರ್ವದ ಬೆಳಕಿಗಾಗಿ ಕಾಯುತ್ತಾರೆ. ಕೊನೆಯಲ್ಲಿ ಸೂರ್ಯನ ಬೆಳಕೇ ಕತ್ತಲಿನ ಮೃಗದ ಕಣ್ಣು ಕುರುಡಾಗಿಸುತ್ತದೆ. ಇದು ಬರೀ ಹೆಸರು ಎರವಲು ತಂದದ್ದಲ್ಲ, ಕಥೆಯ ಬೆನ್ನೆಲುಬನ್ನೇ ತಂದದ್ದು.

ತಂಡದ ಗಾಯಕ, ಈ ಹಾಡಿನ ಸಾಹಿತ್ಯ ಬರೆದ ರಾಬರ್ಟ್ ಪ್ಲಾಂಟ್ ಈ ಕಾದಂಬರಿಯನ್ನು ಎಷ್ಟು ಹಚ್ಚಿಕೊಂಡಿದ್ದರು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕೆ? ಅವರ ನಾಯಿಯ ಹೆಸರು ಸ್ಟ್ರೈಡರ್. ಕಾದಂಬರಿಯಲ್ಲಿ ಅರಾಗಾರ್ನ್ ವೇಷ ಮರೆಸಿಕೊಂಡು ತಿರುಗುವಾಗ ಜನ ಕರೆಯುತ್ತಿದ್ದ ಹೆಸರು ಅದು.

ಸಂದೇಹಿ:
ನಾಯಿಯ ಹೆಸರಿನಿಂದ ಹಾಡಿನ ಅರ್ಥ ತೆಗೆಯುವುದನ್ನು ಇವತ್ತೇ ನೋಡಿದ್ದು.

ಸಾಹಿತ್ಯ ಒಂದು ಕಿಚಡಿ ಎಂದು ಯಾರಾದರೂ ಹೇಳಲೇಬೇಕಲ್ಲ, ನಾನೇ ಹೇಳುತ್ತೇನೆ. ರಿಂಗ್‌ರೇತ್ ಟೋಲ್ಕಿನ್‌ನದು. ಆವಲಾನ್ ಆರ್ಥರ್ ದೊರೆಯ ಕಥೆಯದು. ಚಿನ್ನದಲ್ಲಿ ಬರೆದ ರೂನ್ ಲಿಪಿ ಉತ್ತರದ ಜನರದು. ಶಾಂತಿಯ ರಾಜಕುಮಾರ ಎನ್ನುವುದು ಬೈಬಲ್ ಓದಿದವರಿಗೆಲ್ಲ ಗೊತ್ತಿರುವ ಬಿರುದು. ಮೇಲಾಗಿ, ಹಾಡು ಬರೆಯುವ ಮುಂಚೆ ತಾವು ಸ್ಕಾಟ್‌ಲೆಂಡಿನ ಸ್ವಾತಂತ್ರ್ಯ ಯುದ್ಧಗಳ ಪುಸ್ತಕ ಓದುತ್ತಿದ್ದುದಾಗಿ ಸ್ವತಃ ಪ್ಲಾಂಟ್ ಹೇಳಿದ್ದಾರೆ. ಕೈಗೆ ಸಿಕ್ಕಿದ್ದನ್ನೆಲ್ಲ ಒಂದೇ ಪಾತ್ರೆಗೆ ಹಾಕಿ ಕಲಸಿದ್ದಾರೆ.

ಅದಕ್ಕೂ ಮುಂಚೆ, ಇದೇ ತಂಡದ 1969ರ ಹಾಡು ‘ರ‍್ಯಾಂಬಲ್ ಆನ್’ನಲ್ಲಿ ಮಾಡಿದ್ದೇನು? ಕತ್ತಲಿನ ಒಡೆಯನ ನಾಡಾದ ಮಾರ್ಡಾರ್‌ನ ಆಳದಲ್ಲಿ ನಾಯಕನಿಗೆ ಒಬ್ಬಳು ಸುಂದರಿ ಸಿಗುತ್ತಾಳಂತೆ, ಅವಳನ್ನು ಗೊಲ್ಲಮ್ ಹಾರಿಸಿಕೊಂಡು ಹೋಗುತ್ತಾನಂತೆ. ಉಂಗುರ ಬಿಟ್ಟು ಬೇರೆ ಯಾವುದರ ಮೇಲೂ ಆಸೆಯಿಲ್ಲದ ಪ್ರಾಣಿ ಅದು! ‘ಮಿಸ್ಟಿ ಮೌಂಟನ್ ಹಾಪ್’ ಎಂಬ ಶೀರ್ಷಿಕೆ ನೋಡಿ ಟೋಲ್ಕಿನ್‌ನ ಕುಬ್ಜರ ಕಥೆ ಎಂದುಕೊಂಡರೆ, ಒಳಗಿರುವುದು ಉದ್ಯಾನದಲ್ಲಿ ಕುಳಿತ ಹಿಪ್ಪಿ ಹುಡುಗರು ಮತ್ತು ಪೊಲೀಸರು. ಹೆಸರುಗಳ ಮೋಹ ಅಷ್ಟೇ.

ನಡುಗಡ್ಡೆ:
ಸಂದೇಹಿಯವರೇ, ‘ರ‍್ಯಾಂಬಲ್ ಆನ್’ ವಿಷಯದಲ್ಲಿ ನಿಮ್ಮ ಜೊತೆ ಜಗಳವಿಲ್ಲ. ಆದರೆ ಕಲಬೆರಕೆ ಎನ್ನುವುದೇ ದೋಷವಾದರೆ ಟೋಲ್ಕಿನ್ ಮೊದಲ ಆರೋಪಿ. ಗ್ಯಾಂಡಾಲ್ಫ್ ಎಂಬ ಹೆಸರೂ ಕುಬ್ಜರ ಹೆಸರುಗಳೂ ಹಳೆಯ ನಾರ್ಸ್ ಕಾವ್ಯ ‘ವೊಲುಸ್ಪಾ’ದಲ್ಲಿರುವ ಪಟ್ಟಿಯಿಂದ ಎತ್ತಿಕೊಂಡವು. ಎಲ್ಫ್‌ಗಳ ಸಿಂಡರಿನ್ ಭಾಷೆಗೆ ಅವರು ಕೂಡಿಸಿದ್ದು ವೆಲ್ಷ್ ಭಾಷೆಯ ನಾದ. 1970ರಲ್ಲಿ ತಂಡದ ಗಿಟಾರ್ ವಾದಕ ಜಿಮ್ಮಿ ಪೇಜ್ ಮತ್ತು ಪ್ಲಾಂಟ್ ವಿದ್ಯುತ್ ಇಲ್ಲದ ಬ್ರಾನ್-ಅರ್-ಐರ್ ಎಂಬ ಕುಟೀರಕ್ಕೆ ಹೋಗಿ ಹಾಡು ಕಟ್ಟಿದರಲ್ಲ, ಅದು ಇರುವುದೂ ವೇಲ್ಸ್‌ನಲ್ಲೇ. ಪ್ಲಾಂಟ್ ಹುಟ್ಟಿದ್ದು ವೆಸ್ಟ್ ಬ್ರಾಮ್‌ವಿಚ್‌ನಲ್ಲಿ. ಟೋಲ್ಕಿನ್ ಬಾಲ್ಯ ಕಳೆದದ್ದು ಅಲ್ಲಿಗೆ ಹತ್ತಿರದ ಸೇರ್‌ಹೋಲ್‌ನಲ್ಲಿ, ಅದು ಇನ್ನೂ ಬರ್ಮಿಂಗ್‌ಹ್ಯಾಮ್ ನಗರದೊಳಗೆ ಕರಗದೆ ಹಳ್ಳಿಯಾಗಿದ್ದ ಕಾಲದಲ್ಲಿ. ಇಬ್ಬರೂ ಒಂದೇ ಸೀಮೆಯವರು, ಇಬ್ಬರ ಕಣ್ಣೂ ಪಡುವಣದ ವೆಲ್ಷ್ ಬೆಟ್ಟಗಳ ಮೇಲೆ.

ಈ ಹಾಡು ಬಂದಾಗ ಟೋಲ್ಕಿನ್ ಬದುಕಿದ್ದರು ಎನ್ನುವುದನ್ನು ಬಹಳ ಜನ ಮರೆಯುತ್ತಾರೆ. ಅವರು ತೀರಿಕೊಂಡದ್ದು 1973ರ ಸೆಪ್ಟೆಂಬರ್‌ನಲ್ಲಿ.

ತುಂಗಾತೀರ:
ಕಾದಂಬರಿ ಬಂದದ್ದು 1954–55ರಲ್ಲಿ. ಆದರೂ ರಾಕ್ ಸಂಗೀತಗಾರರು ಇದಕ್ಕೆ ಮುಗಿಬಿದ್ದದ್ದು ಅರುವತ್ತರ ದಶಕದ ಕೊನೆಯಲ್ಲಿ. ಯಾಕೆ?

ನಡುಗಡ್ಡೆ:
ಮುಖ್ಯ ಕಾರಣ ಬೆಲೆ. 1965ರಲ್ಲಿ ಅಮೆರಿಕದಲ್ಲಿ ಅಗ್ಗದ ಪೇಪರ್‌ಬ್ಯಾಕ್ ಪ್ರತಿಗಳು ಬಂದವು, ವಿದ್ಯಾರ್ಥಿಗಳ ಚೀಲಕ್ಕೆ ಇಳಿದವು. ಆಮೇಲೆ ಹುಚ್ಚು ಎಲ್ಲ ಕಡೆ ಹಬ್ಬಿತು. ಮಾರ್ಕ್ ಬೋಲನ್ ಜೊತೆ ಟಿರಾನೊಸಾರಸ್ ರೆಕ್ಸ್‌ನಲ್ಲಿ ತಾಳವಾದ್ಯ ನುಡಿಸುತ್ತಿದ್ದವರು ತಮ್ಮನ್ನು ಸ್ಟೀವ್ ಪೆರಿಗ್ರಿನ್ ಟುಕ್ ಎಂದು ಕರೆದುಕೊಂಡರು, ಪೆರಿಗ್ರಿನ್ ಟುಕ್ ಎನ್ನುವುದು ಕಾದಂಬರಿಯ ಹಾಬಿಟ್ ಪಿಪ್ಪಿನ್‌ನ ಪೂರ್ಣ ಹೆಸರು. ಸ್ವೀಡನ್ನಿನ ಬೂ ಹಾನ್ಸನ್ 1970ರಲ್ಲಿ ಇಡೀ ಕಾದಂಬರಿಯನ್ನು ಮಾತಿಲ್ಲದ ವಾದ್ಯಸಂಗೀತವಾಗಿ ಹೊರತಂದರು.

ಸಂಜೆಮಲ್ಲಿಗೆ:
ಇಷ್ಟು ಹೊತ್ತಿನಿಂದ ಓದುತ್ತಿದ್ದೇನೆ, ಎರಡನೇ ಕಂಠದ ಹೆಸರನ್ನು ಒಬ್ಬರೂ ಎತ್ತಿಲ್ಲ. ಗಂಡಸರ ರಾಕ್ ಚರ್ಚೆಗಳ ಹಣೆಬರಹವೇ ಇಷ್ಟು.

ಸ್ಯಾಂಡಿ ಡೆನಿ. ಝೆಪ್ಪೆಲಿನ್‌ನ ಸ್ಟುಡಿಯೊ ಹಾಡುಗಳಲ್ಲಿ ಹೊರಗಿನಿಂದ ಬಂದು ಮುಖ್ಯ ಗಾಯಕನಿಗೆ ಸಮನಾಗಿ ಹಾಡಿದವರು ಅವರೊಬ್ಬರೇ. 1970ರ ‘ಮೆಲೊಡಿ ಮೇಕರ್’ ಪತ್ರಿಕೆಯ ಓದುಗರು ಬ್ರಿಟನ್ನಿನ ಅತ್ಯುತ್ತಮ ಗಾಯಕನಾಗಿ ಪ್ಲಾಂಟ್ ಅವರನ್ನೂ ಅತ್ಯುತ್ತಮ ಗಾಯಕಿಯಾಗಿ ಡೆನಿ ಅವರನ್ನೂ ಆರಿಸಿದ್ದರು. ಅಂದರೆ ಈ ಹಾಡಿನಲ್ಲಿ ಆ ಹೊತ್ತಿನ ಇಬ್ಬರು ಅಗ್ರಗಣ್ಯರು ಎದುರುಬದುರು ನಿಂತಿದ್ದಾರೆ. ಆಲ್ಬಮ್‌ನ ಒಳಹೊದಿಕೆಯಲ್ಲಿ ನಾಲ್ವರು ಸದಸ್ಯರಿಗೂ ಒಂದೊಂದು ಚಿಹ್ನೆ ಇದೆಯಲ್ಲ, ಡೆನಿ ಅವರಿಗೂ ಒಂದು ಚಿಹ್ನೆ ಕೊಟ್ಟಿದ್ದಾರೆ: ಒಂದಕ್ಕೊಂದು ತಾಗಿದ ಮೂರು ತ್ರಿಕೋನಗಳು. ಚಿಕ್ಕದಾಗಿದೆ, ಹುಡುಕಬೇಕು.

ಈಗ ಹಳೇಪುಟ ಅವರ ಪ್ರಶ್ನೆಗೆ ಬರುತ್ತೇನೆ. ಪ್ಲಾಂಟ್ ಸಾಹಿತ್ಯ ಬರೆದ ಮೇಲೆ ಇದು ಹಾಡಿಗಿಂತ ಹೆಚ್ಚಾಗಿ ಒಂದು ಪುಟ್ಟ ನಾಟಕದಂತಿದೆ, ಒಂದೇ ಕಂಠ ಸಾಲದು ಎಂದು ಅವರಿಗೇ ಅನ್ನಿಸಿತು. ಅವರು ಕದನದ ಕಥೆ ಹೇಳುವವರು. ಡೆನಿ ಊರಿನಲ್ಲಿ ಡಂಗುರ ಸಾರುವವರು. ಅವರು ಕಥೆ ಹೇಳುವುದಿಲ್ಲ, ಜನರನ್ನು ಕರೆಯುತ್ತಾರೆ: ನೇಗಿಲು ಗುದ್ದಲಿ ಕೆಳಗಿಡಿ, ಬಾಗಿಲು ಹಾಕಿಕೊಂಡು ಕೂರಬೇಡಿ, ಇರುಳಿನಲ್ಲಿ ಕುಣಿಯಿರಿ, ಬೆಳಗಿನ ಬೆಳಕಿಗೆ ಹಾಡಿರಿ ಎಂಬ ಧಾಟಿಯಲ್ಲಿ. ಕಾದಂಬರಿಯಲ್ಲಿ ಎಷ್ಟೊಂದು ರಾಜರು, ಮಾಂತ್ರಿಕರು, ವೀರರು! ರೈತರ ಪರವಾಗಿ ನಿಂತ ಕಂಠ ಅಪರೂಪ. ಹಾಡಿನಲ್ಲಿ ಅರ್ಧ ಪಾಲು ಆ ಕಂಠಕ್ಕೆ ಸಂದಿದೆ. ಟೋಲ್ಕಿನ್ ಹಾಡು ಹೌದೋ ಅಲ್ಲವೋ ಎನ್ನುವುದು ಇಲ್ಲಿಯೇ ತೀರ್ಮಾನವಾಗುತ್ತದೆ ಎನ್ನುವುದು ನನ್ನ ಅಭಿಪ್ರಾಯ.

ಹಳೇಪುಟ:
ಇದೇ, ಇದೇ! ನಾನು ಕಟ್ಟು ಎಂದದ್ದು ಇದನ್ನೇ. ಸಂಜೆಮಲ್ಲಿಗೆ ಮೇಡಂ, ಡೆನಿ ಅವರ ಹಿನ್ನೆಲೆಯನ್ನೂ ಸ್ವಲ್ಪ ಬರೆಯಿರಿ. ಇಲ್ಲಿ ಬಹಳ ಜನರಿಗೆ ಅವರು ಈ ಒಂದು ಹಾಡಿನಿಂದ ಮಾತ್ರ ಪರಿಚಯ.

ಸಂಜೆಮಲ್ಲಿಗೆ:
ಸಂತೋಷದಿಂದ. ಅವರು ಫೇರ್‌ಪೋರ್ಟ್ ಕನ್ವೆನ್ಶನ್ ಎಂಬ ಬ್ರಿಟಿಷ್ ಜನಪದ-ರಾಕ್ ತಂಡದ ಗಾಯಕಿಯಾಗಿದ್ದವರು. 1969ರ ಡಿಸೆಂಬರ್‌ನಲ್ಲಿ ಬಂದ ಅವರ ‘ಲೀಜ್ ಅಂಡ್ ಲೀಫ್’ ಆಲ್ಬಮ್ಮನ್ನು ದಯವಿಟ್ಟು ಕೇಳಿ. ಅದರಲ್ಲಿ ‘ಟ್ಯಾಮ್ ಲಿನ್’ ಎಂಬ ಏಳು ನಿಮಿಷದ ಹಾಡಿದೆ. ಸ್ಕಾಟ್‌ಲೆಂಡಿನ ಗಡಿಸೀಮೆಯ ಕಥನಗೀತೆ. ಹತ್ತೊಂಬತ್ತನೇ ಶತಮಾನದಲ್ಲಿ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಎಂಬ ವಿದ್ವಾಂಸರು 305 ಹಳೆಯ ಕಥನಗೀತೆಗಳನ್ನು ಸಂಗ್ರಹಿಸಿ ಅಂಕಿ ಹಾಕಿದರು. ಇದು ಅದರಲ್ಲಿ 39ನೆಯದು.

ಕಥೆ ಹೀಗಿದೆ. ಜಾನೆಟ್ ಎಂಬ ಹುಡುಗಿ ಹೋಗಬಾರದು ಎಂದ ಕಾಡಿಗೆ ಹೋಗುತ್ತಾಳೆ. ಅಲ್ಲಿ ಯಕ್ಷಿಣಿಯರ ರಾಣಿಯ ಸೆರೆಯಲ್ಲಿರುವ ಟ್ಯಾಮ್ ಲಿನ್ ಸಿಗುತ್ತಾನೆ. ಅವನನ್ನು ಬಿಡಿಸಿಕೊಳ್ಳಬೇಕಾದರೆ ಒಂದೇ ದಾರಿ. ಹ್ಯಾಲೋವೀನ್ ಇರುಳು ರಾಣಿಯ ಸವಾರಿ ಹೊರಟಾಗ ಅವನನ್ನು ಕುದುರೆಯಿಂದ ಕೆಳಗೆಳೆದು ಬಿಗಿಯಾಗಿ ಅಪ್ಪಿ ಹಿಡಿಯಬೇಕು. ಅವನು ಅವಳ ತೋಳಿನಲ್ಲೇ ಹಾವಾಗುತ್ತಾನೆ, ಸಿಂಹವಾಗುತ್ತಾನೆ, ಬೆಂಕಿಯಾಗುತ್ತಾನೆ. ಅವಳು ಬಿಡುವುದಿಲ್ಲ. ಕೊನೆಗೆ ಬೆತ್ತಲೆ ಮನುಷ್ಯನಾಗಿ ಉಳಿಯುತ್ತಾನೆ. ರಾಣಿ ಸಿಟ್ಟಿನಿಂದ ಕೂಗುತ್ತಾಳೆ: ಹೀಗಾಗುತ್ತದೆ ಎಂದು ತಿಳಿದಿದ್ದರೆ ನಿನ್ನ ಕಣ್ಣು ಕಿತ್ತು ಮರದ ಕಣ್ಣು ಇಡುತ್ತಿದ್ದೆ.

ಇದನ್ನು ಎಲೆಕ್ಟ್ರಿಕ್ ಗಿಟಾರ್ ಜೊತೆ, ಮುಖದ ಮೇಲೆ ಒಂದು ಗೆರೆಯೂ ಅಲುಗದವರಂತೆ ಹಾಡಿದ ಗಾಯಕಿಯನ್ನು ಝೆಪ್ಪೆಲಿನ್ ಕರೆತಂದದ್ದು. ಯಕ್ಷಿಣಿಯರೂ ಮಾಟವೂ ಅವರಿಗೆ ಕಾದಂಬರಿಯಿಂದ ಬಂದದ್ದಲ್ಲ, ಹಾಡಿನ ಪರಂಪರೆಯಲ್ಲೇ ಇತ್ತು. ಆದ್ದರಿಂದಲೇ ಅವರ ಬಾಯಲ್ಲಿ ಪ್ಲಾಂಟ್ ಬರೆದ ಸಾಲುಗಳು ಇನ್ನೂರು ವರ್ಷ ಹಳೆಯವು ಅನ್ನಿಸುತ್ತವೆ.

ಪ್ಲಾಂಟ್ ಜೊತೆ ಸರಿಸಮ ನಿಲ್ಲಲು ಹೋಗಿ ಕೊನೆಗೆ ಗಂಟಲು ಕಟ್ಟಿತ್ತು ಎಂದು ಅವರು ಆಮೇಲೆ ಹೇಳಿಕೊಂಡಿದ್ದಾರೆ. ಕೇಳಿದರೆ ನಂಬಲಾಗುವುದಿಲ್ಲ. 1978ರ ಏಪ್ರಿಲ್‌ನಲ್ಲಿ ತೀರಿಕೊಂಡಾಗ ಅವರಿಗೆ ಕೇವಲ 31 ವರ್ಷ.

ಡೋಣಿಸೀಮೆ:
ನಮ್ಮ ವಿಜಯಪುರದ ಕಡೆ ಗೀಗೀ ಮೇಳಗಳಲ್ಲಿ ಹರದೇಶಿ, ನಾಗೇಶಿ ಎಂದು ಎರಡು ಪಕ್ಷ. ಒಂದು ಗಂಡು ಹೆಚ್ಚು ಎನ್ನುತ್ತದೆ, ಇನ್ನೊಂದು ಹೆಣ್ಣು ಹೆಚ್ಚು ಎನ್ನುತ್ತದೆ. ಸವಾಲು, ಜವಾಬು, ಬೆಳಗಿನವರೆಗೂ. ಈ ಹಾಡನ್ನು ಕೇಳಿದಾಗ ನನಗೆ ಮೊದಲು ನೆನಪಾದದ್ದು ಅದು. ಇಂಗ್ಲಿಷ್ ಪೂರ್ತಿ ಹಿಡಿಯದಿದ್ದರೂ ಒಬ್ಬರು ಎತ್ತುವುದು, ಇನ್ನೊಬ್ಬರು ಹಿಡಿಯುವುದು ತಟ್ಟನೆ ತಿಳಿಯಿತು.

ಸಂಜೆಮಲ್ಲಿಗೆ:
ಹೋಲಿಕೆ ಚೆನ್ನಾಗಿದೆ ಸರ್, ಆದರೆ ಒಂದು ವ್ಯತ್ಯಾಸ ಇದೆ. ಗೀಗೀ ಮೇಳದಲ್ಲಿ ಇಬ್ಬರೂ ಪರಸ್ಪರ ವಾದಿಸುತ್ತಾರೆ. ಇಲ್ಲಿ ಇಬ್ಬರೂ ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿಸಿಕೊಳ್ಳುವುದೇ ಇಲ್ಲ. ಒಬ್ಬರು ರಣರಂಗದಲ್ಲಿ, ಒಬ್ಬರು ಬೀದಿಯಲ್ಲಿ. ಕೊನೆಯ ಭಾಗದಲ್ಲಿ ಮಾತ್ರ ಎರಡೂ ಕಂಠಗಳು ಸೇರಿ ಒಂದೇ ಕೂಗಾಗುತ್ತವೆ.

ಸಂದೇಹಿ:
ಸರಿ, ಡೆನಿ ವಿಷಯದಲ್ಲಿ ನನ್ನ ತಕರಾರಿಲ್ಲ. ಸಾಹಿತ್ಯ ಮಾತ್ರ ಇನ್ನೂ ಕಿಚಡಿಯೇ.

ತುಂಗಾತೀರ:
ಇದು ಯಾವ ರಾಗಕ್ಕೆ ಹತ್ತಿರ?

ಎಂಟುತಂತಿ:
ಈ ಪ್ರಶ್ನೆ ಬಂದೇ ಬರುತ್ತದೆ ಎಂದು ಕಾಯುತ್ತಿದ್ದೆ. ಪಾಶ್ಚಾತ್ಯರ ನೈಸರ್ಗಿಕ ಮೈನರ್ ಶ್ರೇಣಿಯ ಸ್ವರಗಳೂ ನಮ್ಮ ನಟಭೈರವಿಯ ಸ್ವರಗಳೂ ಒಂದೇ ಎನ್ನುವುದು ನಿಜ. ಹಾಗೆಂದು ಮೈನರ್ ಹಾಡೆಲ್ಲ ನಟಭೈರವಿಯಾಗುವುದಿಲ್ಲ. ಇಲ್ಲಿ ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛಗಳು, ಸರಿಯುತ್ತಾ ಹೋಗುತ್ತವೆ, ಗಮಕಕ್ಕೆ ಜಾಗವೇ ಇಲ್ಲ. ರಾಗ ಹುಡುಕುವುದನ್ನು ಬಿಟ್ಟು ವಾದ್ಯವನ್ನು ಗಮನಿಸಿ. ಅಲ್ಲಿ ಹೇಳುವುದಕ್ಕೆ ಬಹಳ ಇದೆ.

ಹಾಡು ಹುಟ್ಟಿದ್ದು ಹ್ಯಾಂಪ್‌ಷೈರ್‌ನ ಹೆಡ್ಲಿ ಗ್ರೇಂಜ್ ಎಂಬ ಹಳೆಯ ಕಟ್ಟಡದಲ್ಲಿ. 1795ರಲ್ಲಿ ಬಡವರ ಆಶ್ರಯಕ್ಕೆಂದು ಕಟ್ಟಿದ ಮೂರಂತಸ್ತಿನ ಮನೆ ಅದು. ತಂಡದವರು ಅಲ್ಲೇ ಬೀಡುಬಿಟ್ಟು, ರೋಲಿಂಗ್ ಸ್ಟೋನ್ಸ್ ತಂಡದ ಸಂಚಾರಿ ಸ್ಟುಡಿಯೊವನ್ನು ಬಾಡಿಗೆಗೆ ತಂದು ಬಾಗಿಲ ಮುಂದೆ ನಿಲ್ಲಿಸಿಕೊಂಡಿದ್ದರು. ಮ್ಯಾಂಡೊಲಿನ್ ಇದ್ದದ್ದು ತಂಡದ ಬೇಸ್ ವಾದಕ ಜಾನ್ ಪಾಲ್ ಜೋನ್ಸ್ ಅವರದು. ಜಿಮ್ಮಿ ಪೇಜ್ ಅದನ್ನು ಹಾಗೇ ಕೈಗೆತ್ತಿಕೊಂಡರು. ಅದಕ್ಕೆ ಮುಂಚೆ ಆ ವಾದ್ಯವನ್ನು ಮುಟ್ಟಿದವರಲ್ಲ. ಬೆರಳಿಗೆ ಸಿಕ್ಕ ಕಾರ್ಡ್‌ಗಳನ್ನೇ ನುಡಿಸುತ್ತಾ ಹೋದರು, ಹಾಡು ಬಂದುಬಿಟ್ಟಿತು. ಪಳಗಿದ ಮ್ಯಾಂಡೊಲಿನ್ ವಾದಕ ಹೀಗೆ ನುಡಿಸುತ್ತಿರಲಿಲ್ಲ ಎಂದು ನನಗೆ ಖಂಡಿತ ಅನ್ನಿಸುತ್ತದೆ. ಅವನು ಒಂದೊಂದು ಸ್ವರವನ್ನೂ ಬಿಡಿಸಿ, ಸೊಗಸು ಮಾಡಿ ಹೇಳುತ್ತಿದ್ದ. ಪೇಜ್ ಇದನ್ನು ಲಯವಾದ್ಯದಂತೆ ಬಾರಿಸುತ್ತಾರೆ. ಕೆಳಗೆ ಒಂದು ತಂತಿ ಶ್ರುತಿಯಂತೆ ಮೊರೆಯುತ್ತಲೇ ಇರುತ್ತದೆ, ಮೇಲಿನ ಸ್ವರಗಳು ಮಾತ್ರ ಬದಲಾಗುತ್ತವೆ. ಡ್ರಮ್ ಇಲ್ಲ ಎಂದು ಹಳೇಪುಟ ಬರೆದರಲ್ಲ. ಮೀಟುಕಡ್ಡಿಯ ಏಟಿನಲ್ಲೇ ಕುದುರೆ ಓಡುತ್ತಿದೆ, ಇನ್ನು ಡ್ರಮ್ ಯಾಕೆ?

ಮ್ಯಾಂಡೊಲಿನ್‌ಗೆ ಎಂಟು ತಂತಿ, ನಾಲ್ಕು ಜೋಡಿ. ಪಾಶ್ಚಾತ್ಯ ಪಿಟೀಲಿನ ಶ್ರುತಿಯೇ ಅದಕ್ಕೂ. ಜೋಡಿಯ ಎರಡು ತಂತಿಗಳು ಎಷ್ಟೇ ಸರಿಮಾಡಿದರೂ ಕೂದಲೆಳೆಯಷ್ಟು ಆಚೀಚೆ ಇರುತ್ತವೆ. ಆ ಮಿನುಗು ಹುಟ್ಟುವುದು ಅದರಿಂದಲೇ. ನಮ್ಮ ಯು. ಶ್ರೀನಿವಾಸ್ ಅವರು ಕರ್ನಾಟಕ ಸಂಗೀತಕ್ಕೆ ಮ್ಯಾಂಡೊಲಿನ್ ತಂದಾಗ ಮಾಡಿದ್ದು ಇದಕ್ಕೆ ತದ್ವಿರುದ್ಧ. ಜೋಡಿಗಳನ್ನು ತೆಗೆದು ಐದು ಒಂಟಿ ತಂತಿಗಳ ಎಲೆಕ್ಟ್ರಿಕ್ ವಾದ್ಯ ಮಾಡಿಕೊಂಡರು. ಗಮಕ ಎಳೆಯುವವನಿಗೆ ಜೋಡಿ ತಂತಿ ಅಡ್ಡಿ. ಪೇಜ್ ಅವರಿಗೆ ಬೇಕಾದದ್ದು ಆ ಜೋಡಿಯ ಮಿನುಗೇ.

ಹಳೇಪುಟ:
ಹಾಡು ಶುರುವಾಗುವ ಬಗೆಯನ್ನೂ ಗಮನಿಸಿ. ಮೊದಲ ಸ್ವರ ಎಲ್ಲಿಂದ ಎಂದು ಹೇಳಲಾಗುವುದಿಲ್ಲ. ಮೌನದಿಂದ ಮ್ಯಾಂಡೊಲಿನ್ ಮೆಲ್ಲಗೆ ಏರಿ ಬರುತ್ತದೆ, ಕೊನೆಯಲ್ಲಿ ಹಾಗೆಯೇ ಕರಗುತ್ತದೆ. ಕದನ ಗೆದ್ದರೋ ಸೋತರೋ ಎಂದು ಹಾಡು ಹೇಳುವುದೇ ಇಲ್ಲ. ನಡುಗಡ್ಡೆಯವರೇ, ನಿಮ್ಮ ಕಾದಂಬರಿಯಲ್ಲಾದರೆ ಉಂಗುರ ನಾಶವಾಗುತ್ತದೆ, ಪಟ್ಟಾಭಿಷೇಕವೂ ಆಗುತ್ತದೆ.

ನಡುಗಡ್ಡೆ:
ಆರು ನಿಮಿಷದಲ್ಲಿ ಪಟ್ಟಾಭಿಷೇಕ ಬೇರೆ ಬೇಕಿತ್ತೇ? ನಾನು ಹೇಳುತ್ತಿರುವುದು ಆ ಒಂದು ಅಧ್ಯಾಯದ ಬೆಳಗಿನ ಬಗ್ಗೆ. ಅಷ್ಟು ಮಾತ್ರ ನಿಸ್ಸಂಶಯವಾಗಿ ಅಲ್ಲಿಂದಲೇ ಬಂದಿದೆ. ಉಳಿದದ್ದು ಡೆನಿ ಅವರದು ಎನ್ನುವುದಾದರೆ ಎನ್ನಿ, ನಾನು ಅಡ್ಡ ಬರುವುದಿಲ್ಲ.

ತುಂಗಾತೀರ:
ವೇದಿಕೆಯ ಮೇಲೆ ಡೆನಿ ಅವರ ಭಾಗವನ್ನು ಯಾರು ಹಾಡುತ್ತಿದ್ದರು?

ಹಳೇಪುಟ:
1977ರ ಅಮೆರಿಕ ಪ್ರವಾಸದಲ್ಲಿ ಜೋನ್ಸ್ ಹಾಡಿದರು. ಧೈರ್ಯವನ್ನು ಮೆಚ್ಚಬೇಕು, ಅದಕ್ಕಿಂತ ಹೆಚ್ಚಿಗೆ ಹೇಳಲಾರೆ. ತಂಡ ಮುರಿದ ಎಷ್ಟೋ ವರ್ಷಗಳ ನಂತರ, 1994ರಲ್ಲಿ ಪೇಜ್ ಮತ್ತು ಪ್ಲಾಂಟ್ ‘ನೋ ಕ್ವಾರ್ಟರ್’ ಆಲ್ಬಮ್ ಮಾಡಿದಾಗ ಆ ಭಾಗಕ್ಕೆ ನಜ್ಮಾ ಅಖ್ತರ್ ಅವರನ್ನು ಕರೆದರು. ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದ, ಭಾರತೀಯ ಮೂಲದ ಗಝಲ್ ಗಾಯಕಿ. 1987ರ ‘ಕರೀಬ್’ ಆಲ್ಬಮ್ ಅವರದು. ಡಂಗುರ ಅವರ ಕಂಠದಲ್ಲಿ ಆಲಾಪದಂತೆ ಸುತ್ತಿ ಸುತ್ತಿ ಏರುತ್ತದೆ.

ಇದು ಏಕಾಏಕಿ ಹುಟ್ಟಿದ ಯೋಚನೆಯಲ್ಲ. 1972ರಲ್ಲೇ ಪೇಜ್ ಮತ್ತು ಪ್ಲಾಂಟ್ ಮುಂಬಯಿಗೆ ಬಂದು ಅಲ್ಲಿನ ವಾದ್ಯಗಾರರ ಜೊತೆ ‘ಫ್ರೆಂಡ್ಸ್’ ಮತ್ತು ‘ಫೋರ್ ಸ್ಟಿಕ್ಸ್’ ಹಾಡುಗಳನ್ನು ಮುದ್ರಿಸಿದ್ದರು. ಎರಡನೆಯದು ಇದೇ ನಾಲ್ಕನೇ ಆಲ್ಬಮ್‌ನ ಹಾಡು. ಅಧಿಕೃತವಾಗಿ ಅವು ಹೊರಬಂದದ್ದು 2015ರಲ್ಲಿ.

ಸಂಜೆಮಲ್ಲಿಗೆ:
ನಜ್ಮಾ ಅವರ ಕಂಠ ನನಗೆ ಬಹಳ ಇಷ್ಟ, ಆದರೆ ಆ ಆವೃತ್ತಿಯಲ್ಲಿ ಕರೆಯುವವಳ ತುರ್ತು ಇಲ್ಲ. ಕೇಳಲು ಸೊಗಸು, ಅಷ್ಟೇ. ಹಾರ್ಟ್ ತಂಡದ ಆ್ಯನ್ ಮತ್ತು ನ್ಯಾನ್ಸಿ ವಿಲ್ಸನ್ ಸೋದರಿಯರು ‘ಲವ್‌ಮಾಂಗರ್ಸ್’ ಹೆಸರಿನಲ್ಲಿ ಹಾಡಿದ್ದು 1992ರ ‘ಸಿಂಗಲ್ಸ್’ ಚಿತ್ರದ ಧ್ವನಿಮುದ್ರಿಕೆಯಲ್ಲಿದೆ. ಅದರಲ್ಲಿ ಆ ತುರ್ತು ಇದೆ. ಪ್ಲಾಂಟ್ ಆಮೇಲೆ ಆ್ಯಲಿಸನ್ ಕ್ರಾಸ್ ಜೊತೆಗೂ ವೇದಿಕೆಯ ಮೇಲೆ ಇದನ್ನು ಹಾಡಿದ್ದಾರೆ. ನನ್ನ ಲೆಕ್ಕದಲ್ಲಿ ಡೆನಿ ಅವರ ನಂತರದ ಸ್ಥಾನ ಕ್ರಾಸ್ ಅವರಿಗೆ.

ಡೋಣಿಸೀಮೆ:
ಎಂಟುತಂತಿ ಸರ್, ನನ್ನ ಮಗನ ಹತ್ತಿರ ಒಂದು ಮ್ಯಾಂಡೊಲಿನ್ ಇದೆ, ಮೂಲೆ ಹಿಡಿದಿದೆ. ಈ ಹಾಡನ್ನು ಕಲಿಯಬಹುದೇ? ಎಲ್ಲಿಂದ ಶುರು ಮಾಡಬೇಕು?

ಎಂಟುತಂತಿ:
ಖಂಡಿತ ಕಲಿಯಬಹುದು. ಹೊಸದಾಗಿ ವಾದ್ಯ ಹಿಡಿದವರೇ ಕಟ್ಟಿದ ಹಾಡು, ಬೆರಳಿಗೆ ಕಷ್ಟ ಕೊಡುವುದಿಲ್ಲ, ಬಲಗೈಗೆ ಕೊಡುತ್ತದೆ. ಮೊದಲು ಎಂಟೂ ತಂತಿ ಹೊಸದು ಹಾಕಿಸಿ. ಮೂಲೆ ಹಿಡಿದ ವಾದ್ಯದ ತಂತಿಗೆ ತುಕ್ಕು ಹಿಡಿದಿರುತ್ತದೆ, ಶ್ರುತಿ ನಿಲ್ಲುವುದಿಲ್ಲ. ಆಮೇಲೆ ಒಂದೇ ಜೋಡಿಯ ಮೇಲೆ ಮೇಲೆ-ಕೆಳಗೆ ಮೀಟುವುದನ್ನು, ಮಣಿಕಟ್ಟು ಸಡಿಲ ಬಿಟ್ಟು, ನಿಧಾನವಾಗಿ ಅಭ್ಯಾಸ ಮಾಡಿಸಿ. ಮೊಣಕೈಯಿಂದ ಬಾರಿಸಿದರೆ ಒಂದು ನಿಮಿಷದಲ್ಲಿ ತೋಳು ಸೋಲುತ್ತದೆ. 2014ರಲ್ಲಿ ಈ ಆಲ್ಬಮ್ಮನ್ನು ಮರುಬಿಡುಗಡೆ ಮಾಡಿದಾಗ ಜೊತೆಯ ಡಿಸ್ಕಿನಲ್ಲಿ ಈ ಹಾಡಿನ ಕಂಠವಿಲ್ಲದ ಆವೃತ್ತಿ ಕೊಟ್ಟಿದ್ದಾರೆ, ಬರೀ ಮ್ಯಾಂಡೊಲಿನ್ ಮತ್ತು ಗಿಟಾರ್. ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಕೈ ಕುಳಿತ ಮೇಲೆ ಮುದ್ರಿಸಿ ಇಲ್ಲೇ ಹಾಕಿ. ಡಂಗುರ ಸಾರಲು ಸಂಜೆಮಲ್ಲಿಗೆ ಮೇಡಂ ಇದ್ದಾರೆ.

ಸಂಜೆಮಲ್ಲಿಗೆ:
ನನ್ನನ್ನು ಎಳೆಯಬೇಡಿ. ಜೋನ್ಸ್ ಅವರನ್ನು ಕೇಳಿ, ಅವರಿಗೆ 1977ರ ಅನುಭವ ಇದೆ.